ಚಾರ್ಜ್ ನಿಲ್ಲದ ಕನ್ನಡಕ

ಕನ್ನಡಕದಂಗಡಿಯ ರಿಪೇರಿ ಸಾಲಿನಲ್ಲಿ ನನ್ನ ಮುಂದೆ ಒಬ್ಬರು ವಯಸ್ಸಾದ ಕ್ಷೌರಿಕರು, ಜೊತೆಗೆ ಮಗಳು. ಅವರ ಕೈಯಲ್ಲಿ ದೂರಕ್ಕೂ ಹತ್ತಿರಕ್ಕೂ ತಾನೇ ಹೊಂದಿಕೊಳ್ಳುವ ಬ್ಯಾಟರಿ ಕನ್ನಡಕ.

"ರಾತ್ರಿ ಮಲಗೋವಾಗ ಚಾರ್ಜಿಗೆ ಹಾಕಿರ್ತೀನಿ, ಬೆಳಿಗ್ಗೆ ನೋಡಿದ್ರೆ ಸತ್ತು ಬಿದ್ದಿರುತ್ತೆ. ಬೇರೆ ಕೊಡ್ಲಿ ಇವರು."

"ಮನೆಗೆ ಹೋಗೋಣ ಬಾ ಅಪ್ಪ."

"ಯಾಕೆ? ಇದೊಂದು ಸರಿಯಾದ್ರೆ ನಾಳೆನೇ ಅಂಗಡಿ ಬಾಗಿಲು ತೆಗೀತೀನಿ."

"ಅದು ಸರಿಯಾಗೇ ಇದೆ. ನೀನು ಮಲಗಿದ್ಮೇಲೆ ನಾನೇ ಚಾರ್ಜರ್ ಸ್ವಿಚ್ ಆಫ್ ಮಾಡ್ತಿದ್ದೆ."

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಅವರಿಬ್ಬರೂ ಸರಿಯಲಿಲ್ಲ.

"ಅವತ್ತು ಕ್ಷೌರ ಮಾಡೋವಾಗ ಮೇಷ್ಟ್ರ ಕಿವಿ ಕುಯ್ದಿದ್ದಕ್ಕಾ?"

"ಮಂಜಾಗಿ ಕಾಣ್ತು ಅಂದೆಯಲ್ಲ ಅವತ್ತು. ತಪ್ಪು ಕನ್ನಡಕದ ಮೇಲೇ ಇರ್ಲಿ ಅಂದ್ಕೊಂಡೆ. ನಿನ್ನ ಕೈ ನಡುಗುತ್ತೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ತಪ್ಪಾಯ್ತಪ್ಪ."

"ಮಂಜೆಲ್ಲಿ ಬಂತು? ಕಿವಿನೂ ಕಾಣ್ತಿತ್ತು, ಕತ್ತಿ ನಡುಗೋದೂ ಕಾಣ್ತಿತ್ತು. ಬಾಯಿಲ್ಲದ್ದು ಅಂತ ತಪ್ಪನ್ನ ಕನ್ನಡಕದ ಮೇಲೆ ಹಾಕ್ಬಿಟ್ಟೆ."

"ಏನಾಗಿದೆ ತಾತ ಕನ್ನಡಕಕ್ಕೆ?" ಕೌಂಟರಿನ ಹುಡುಗಿ ಕೇಳಿದಳು.

"ಏನೂ ಆಗಿಲ್ಲಮ್ಮ."

ಅವರು ಕನ್ನಡಕವನ್ನು ಮಗಳ ಕೈಗಿಟ್ಟು ಬಾಗಿಲ ಕಡೆ ತಿರುಗಿದರು.

"ಇವತ್ತು ಸ್ವಿಚ್ ಆಫ್ ಮಾಡಬೇಡಮ್ಮ. ಪೇಪರಾದ್ರೂ ಓದ್ಕೋತೀನಿ."