ಕೊರಕಲಿನ ಕೂಗು

ನಾವಿರೋ ಶ್ಯಾಂಟಿಲಿ ಊರಲ್ಲಿ ನಮ್ಮ ಮನೆಗೆ ಗೋಡೆ ತಾಗಿಕೊಂಡೇ ಶ್ರೀದೇವಿಯ ಮನೆ. ಇದು ಅವಳಿಗೆ ಆದದ್ದು. ಒಂದೇ ಸಲ ಹೇಳಿದಳು. ಇನ್ನೊಮ್ಮೆ ಕೇಳಿದರೆ ಎದ್ದು ಒಳಗೆ ಹೋಗ್ತಾಳೆ.

ಹೋದ ಬೇಸಿಗೆಯಲ್ಲಿ ಅವಳ ಗಂಡ ಬದರಿನಾಥನಿಗೆ ಫೀನಿಕ್ಸ್‌ನಲ್ಲಿ ಆಫೀಸ್ ಕೆಲಸ ಬಿತ್ತು. ಜೊತೆಗೆ ಇವಳೂ ಹೋದಳು. ಮರಳುಗಾಡಿನ ಊರದು. ಊರಿಗೆ ಅಂಟಿಕೊಂಡೇ ಬೋಳು ಗುಡ್ಡಗಳು. ಹಗಲು ಹತ್ತಿದರೆ ಬಿಸಿಲಿಗೆ ಜೀವ ಹೋಗುತ್ತೆ ಅಂತ ಅಲ್ಲಿನವರು ಹೊತ್ತು ಇಳಿದ ಮೇಲೆ ಹತ್ತೋದು. ಇವರೂ ಬಾಡಿಗೆ ಕಾರಲ್ಲಿ ಹೋಗಿ, ಟಾರ್ಚ್ ಹಿಡಿದು ಹತ್ತಿದರು.

ಅರ್ಧ ದಾರಿಗೆ ಶ್ರೀದೇವಿಯ ಮಂಡಿ ಹಿಡಿಯಿತು.

"ನೀನು ಕೂತಿರು. ಆ ಬಂಡೆ ಮೇಲಿಂದ ಊರಿನ ದೀಪ ನೋಡ್ಕೊಂಡು ಬಂದೆ," ಅಂದ ಬದರಿನಾಥ. ನೀರಿನ ಬಾಟ್ಲಿ, ಅವನ ಫೋನು, ಎರಡೂ ಇವಳ ಬ್ಯಾಗಿನಲ್ಲೇ ಉಳಿದವು.

ಕತ್ತಲು ಪೂರ್ತಿ ಕವಿಯಿತು. ಅವನು ಬರಲಿಲ್ಲ.

"ರೀ..."

ಫೋನಿಗೆ ಸಿಗ್ನಲ್ ಇಲ್ಲ. ಕಲ್ಲು ಇನ್ನೂ ಕಾವಲಿಯ ಹಾಗೆ ಕಾದಿತ್ತು. ಕೂಗಿ ಕೂಗಿ ಗಂಟಲು ಒಣಗಿತು. ಆದರೂ ಬಾಟ್ಲಿ ಮುಚ್ಚಳ ತೆಗೆಯಲಿಲ್ಲ. ಅದು ಅವನಿಗೆ ಬೇಕಾಗುತ್ತೆ.

ಆಗ ಕೇಳಿಸಿತು. ಎಡಗಡೆ, ಕೆಳಗಿನ ಕೊರಕಲಿನಿಂದ. ಮೊದಲು ಜಲ್ಲಿ ಜಾರಿದ ಸದ್ದು... ಜರ್ರ್... ಆಮೇಲೆ ಅವನ ದನಿ.

"ಶ್ರೀ... ನೀರು..."

ಎದ್ದೇಬಿಟ್ಟಳು. ಒಂದು ಕಾಲು ಇಳಿಜಾರಿಗೆ ಇಟ್ಟೂ ಆಗಿತ್ತು. ಆದರೆ ಅವನು ಹೋದದ್ದು ಮೇಲಕ್ಕೆ. ಮೈಸೂರಿನ ಅಜ್ಜಿ ಹೇಳ್ತಿದ್ದ ಮಾತು ನೆನಪಾಯಿತು. ರಾತ್ರಿ ಯಾರು ಕರೆದರೂ ಮೂರು ಸಲ ಕರೆಯೋವರೆಗೆ ಓಗೊಡಬಾರದು. ಕರೆಯೋದು ದೆವ್ವವಾದರೆ ಅದಕ್ಕೆ ಮೂರನೇ ಸಲ ಕರೆಯೋಕೆ ಬರಲ್ಲ.

ನಿಜವಾಗಿ ಅವನೇ ಆಗಿದ್ದರೆ? ಬಾಯಾರಿ ಸಾಯ್ತಿರುವವನು ಮೂರು ಸಲ ಕರೆಯೋವರೆಗೂ ಬದುಕಿರ್ತಾನಾ? ಬಾಟ್ಲಿ ಎದೆಗೊತ್ತಿಕೊಂಡು ಬಿಕ್ಕಿದಳು.

"ಶ್ರೀ... ನೀರು..."

ಅದೇ ರಾಗ. ಉಸಿರು ಎಳೆದ ಜಾಗವೂ ಅದೇ. ಕಾದಳು... ಇನ್ನೂ ಕಾದಳು... ಮೂರನೆಯದು ಬರಲಿಲ್ಲ.

ತಡೆಯಲಾಗದೆ ಕಿರುಚಿದಳು. "ರೀ, ನೀವೇನಾ? ಹೇಳಿ, ನಮ್ಮಜ್ಜಿ ಹೆಸರೇನು?"

ಎಷ್ಟೋ ಹೊತ್ತಿನ ಮೇಲೆ, ತೀರಾ ಹತ್ತಿರ, ಕಿವಿಯಲ್ಲಿ ಹೇಳಿದ ಹಾಗೆ... ಅವಳದೇ ದನಿ.

"ನಮ್ಮಜ್ಜಿ ಹೆಸರೇನು?"

ಮಂಡಿನೋವು ಮರೆತೇ ಹೋಯಿತು. ಅಂಗೈ ತರಚಿಕೊಂಡು, ಕಳ್ಳಿಮುಳ್ಳು ಚುಚ್ಚಿಸಿಕೊಂಡು ಮೇಲಕ್ಕೇ ಹತ್ತಿದಳು. ಬಂಡೆಯ ಆಚೆಗೆ ಬದರಿನಾಥ ಸಿಕ್ಕ. ಜಾರಿ ಬಿದ್ದು ಕಾಲು ಮುರಿದಿತ್ತು. ತುಟಿ ಬಿರಿದಿತ್ತು. ಹೊಟ್ಟೆ ಮೇಲೆ ತೆವಳುತ್ತಿದ್ದ. ಅವನ ಕೈಯಿಂದ ಮುಂದಕ್ಕೆ ನೆಲವೇ ಇರಲಿಲ್ಲ. ಕೆಳಗೆ ಅದೇ ಕೊರಕಲು.

ಕಾಲರ್ ಹಿಡಿದು ಎಳೆದಳು. ನೀರು ಕುಡಿಸಿದಳು.

"ಬರ್ತಾ ಇದ್ದೆ ಕಣೇ," ಅಂದ, ದನಿಯೇ ಇಲ್ಲದೆ. "ನೀರು ತಂದಿದೀನಿ, ಕೆಳಗೆ ಬನ್ನಿ ಅಂತ ನೀನೇ ಕರೀತಿದ್ಯಲ್ಲ."

ಅವಳು ಹಾಗೆ ಕರೆದೇ ಇರಲಿಲ್ಲ.

ಆ ಎತ್ತರದಲ್ಲಿ ಸಿಗ್ನಲ್ ಸಿಕ್ಕಿತು. ತುರ್ತು ಸಹಾಯದ 911ಗೆ ಫೋನ್ ಮಾಡಿದಳು. ಅವರು ಬರೋವರೆಗೆ...

"ಶ್ರೀ, ಮತ್ತೆ ಕರೀತಿದೆ."

"ಓಗೊಡಬೇಡಿ."

"ಅದು ನಿನ್ನದೇ ದನಿ ಕಣೇ."

"ನಾನು ಇಲ್ಲಿದೀನಿ. ನನ್ನ ಮುಖ ನೋಡಿ."

ಎರಡೂ ಅಂಗೈಯಿಂದ ಅವನ ಕಿವಿ ಮುಚ್ಚಿ, ಅವನ ಎದೆ ಮೇಲೆ ತನ್ನ ಭಾರವೆಲ್ಲ ಹಾಕಿ ಕೂತಳು. ಅವನು ಕೊಸರಾಡಿದ, ಬೈದ, ಅತ್ತ. ಅವಳು ಕೈ ತೆಗೆಯಲಿಲ್ಲ. ಹೆಲಿಕಾಪ್ಟರಿನ ದಡದಡ ಸದ್ದು ತಲೆ ಮೇಲೆ ಬಂದಾಗಲೂ ತೆಗೆದಿರಲಿಲ್ಲ, ಬಂದವರೇ ಬಿಡಿಸಬೇಕಾಯಿತು.

ಬದರಿನಾಥ ಉಳಿದ. ಈಗ ಕುಂಟುತ್ತಾನೆ, ಅಷ್ಟೇ.

ಅವರಿಬ್ಬರೂ ಆಸ್ಪತ್ರೆಯಲ್ಲಿದ್ದಾಗ ಗುಡ್ಡದ ಕೆಳಗೆ ನಿಂತಿದ್ದ ಕಾರು ತರಲು ಹೋದವನು ನನ್ನ ತಮ್ಮ ರಮೇಶ. ಅವನು ಫೀನಿಕ್ಸ್‌ನಲ್ಲೇ ಇರೋದು. ಕೀ ಶ್ರೀದೇವಿ ಹತ್ತಿರ ಇತ್ತು, ಅವಳಿಂದಲೇ ಇಸ್ಕೊಂಡ. ಕಾರು ಲಾಕ್ ಆಗಿತ್ತು. ತೆಗೆದು ನೋಡಿ ಅಲ್ಲಿಂದಲೇ ಅವಳಿಗೆ ಫೋನ್ ಮಾಡಿದ.

"ಶ್ರೀದೇವಿಯವರೇ, ನಿಮ್ಮ ಜೊತೆ ಇನ್ಯಾರು ಬಂದಿದ್ರು?"

"ಯಾರೂ ಇಲ್ವಲ್ಲ. ಇಬ್ಬರೇ. ಮುಂದೆ ಕೂತಿದ್ವಿ."

ಹಿಂದಿನ ಸೀಟಿನ ಬೆಲ್ಟು ಹಾಕಿತ್ತು. ಬಿಗಿಯಾಗಿ, ಯಾರೋ ಕೂತಿರೋ ಹಾಗೆ. ಅದನ್ನ ಬಿಚ್ಚಿದ್ದು ರಮೇಶನೇ. ಸುಳ್ಳು ಹೇಳೋ ಜಾತಿಯವನಲ್ಲ ಅವನು, ನನ್ನ ಬೆನ್ನಿಗೆ ಹುಟ್ಟಿದವನು.