ಕಟ್ಟು ಹಾಕಿಸಿದ ಅರ್ಜಿ

೧೯೫೪. ಕುರ್ಲಾ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಉಡುಪಿ ಕಡೆಯ ತಾಯಿ, ಮಗ. ಅವನ ತೊಡೆಯ ಮೇಲೆ ಗಾಜಿನ ಕಟ್ಟು ಹಾಕಿಸಿದ ಹಳೆಯ ಕೋರ್ಟು ಅರ್ಜಿ.

"ಈಗ ದಿಲ್ಲಿಯಲ್ಲಿ ಮಂತ್ರಿಯಾಗಿರುವವರು ವಕೀಲರಾಗಿದ್ದಾಗ ಕೈಯಾರೆ ಬರೆದದ್ದಮ್ಮ. ಹೋಟೆಲಿನ ಗಲ್ಲಾದ ಮೇಲೆ ಹಾಕ್ತೇನೆ."

"ನಾನು ಹುಚ್ಚಿ, ಮಗುವನ್ನು ನನ್ನ ಕೈಗೆ ಕೊಡಬಾರದು ಅಂತ ನಿನ್ನ ಅಪ್ಪ ಬರೆಸಿದ್ದು ಅದು."

"ಇಂಗ್ಲಿಷಲ್ಲುಂಟು, ಯಾರು ಓದ್ತಾರೆ? ಗಿರಾಕಿಗಳು ಸಹಿ ಮಾತ್ರ ನೋಡ್ತಾರೆ."

"ಆ ಮಗು ನೀನೇ ಅಲ್ವಾ?"

"ಬೇಕಾದ್ರೆ ನಿನ್ನ ಹೆಸರು ಮುಚ್ಚುವ ಹಾಗೆ ಹೂವಿನ ಹಾರ ಹಾಕುವ."

"ಹಾರ ಬಾಡ್ತದೆ."

"ದಿನಾ ಹೊಸದು ಕಟ್ಟು. ನಿನಗೆ ಬೇರೆ ಕೆಲಸ ಏನುಂಟು?"

ಲೋಕಲ್ ಬಂತು. ಅರ್ಜಿಯನ್ನು ಹಿಡಿದುಕೊಳ್ಳಲು ಅವಳು ಕೈ ಚಾಚಿದಳು.

"ಬೇಡ, ಬೀಳಿಸ್ತಿ" ಎಂದವನು ಅದನ್ನು ಎದೆಗವಚಿಕೊಂಡು ಹತ್ತಿದ.