ಲಂಬೇಗೊ ಮತ್ತು ನೀರಿನ ಕೊಡ

ಶಹಾಬಾದಿನ ದವಾಖಾನೆಯಲ್ಲಿ ನನ್ನ ಪಕ್ಕ ಸೂಗಮ್ಮ, ಅವಳ ನೆರೆಯ ಸೈದಾನಬಿ ಕೂತಿದ್ದರು.

"ಸೂಗಮ್ಮ, ನಡಾ ನೋವು ಹ್ಯಾಂಗದ?" ಸೈದಾನಬಿ ಕೇಳಿದಳು.

"ನಡಾ ನೋವು ಅನಬ್ಯಾಡ, ಲಂಬೇಗೊ ಅನ್ನು. ಹೈದರಾಬಾದಿನಿಂದ ಇಲ್ಲಿಗಿ ಬರೋ ಡಾಕ್ಟರ್ ಸಾಹೇಬ್ರು ಚೀಟಿ ಮ್ಯಾಲ ಬರದಾರ."

"ಎರಡೂ ಬ್ಯಾರೆ ಏನು?"

"ನೋವು ಒಂದೇ. ಕನ್ನಡದಾಗ ಹತ್ತು ವರ್ಷ ಅತ್ತರೂ ಯಾರೂ ಕೇಳಲಿಲ್ಲ. ಇಂಗ್ಲಿಷಿನಾಗ ಅಂದ ಕೂಡ್ಲೆ ಅತ್ತಿ ತಾನೇ ಕೊಡಾ ಹೊತ್ತು ಬಾವಿಗಿ ಹೋದ್ಲು."

"ಭಾಳ ಚಲೋ ಆಯ್ತಲ್ಲ!"

"ಏನ್ ಚಲೋ? ನಿನ್ನಿ ಅತ್ತಿನೂ ಬಂದು ಅದೇ ಚೀಟಿ ಬರಸ್ಕೊಂಡು ಹೋಗ್ಯಾಳ."

"ಈಗ ನೀರು ಯಾರು ತರ್ತಾರ?"

"ನಮ್ಮ ಮನಿಯವ್ರು."

"ಮತ್ತ ನೀ ಇವತ್ತು ಯಾಕ ಬಂದಿ?"

"ಅವ್ರು ಇಲ್ಲಿಗಿ ಬಂದಾರೇನಂತ ನೋಡಾಕ."

ಅಷ್ಟರಲ್ಲಿ ಕಂಪೌಂಡರ್ ಒಳಗಿನಿಂದ "ಸಾಯಬಣ್ಣ, ನಿನ್ನ ಚೀಟಿ ತಗೊ!" ಎಂದು ಕೂಗಿದ. ಗಂಡನ ಹೆಸರು ಕಿವಿಗೆ ಬಿದ್ದದ್ದೇ ತಡ, ಸೂಗಮ್ಮ ಲಂಬೇಗೊ ಮರೆತು ಒಳಗೆ ಓಡಿದಳು.